ಬಂದೂಕು ಮಾರುವ ದೇಶಕ್ಕೆ ಬೇಲಿ ಹಾಕಬಹುದೇ?

2016ರ ಆಗಸ್ಟ್ 11ರಂದು ಸೂಯೆಜ್ ಕಾಲುವೆಯ ಕಡೆಗೆ ಬರುತ್ತಿದ್ದ ಒಂದು ಸರಕು ಹಡಗನ್ನು ಈಜಿಪ್ಟಿನ ಅಧಿಕಾರಿಗಳು ತಡೆದರು. ಹಡಗಿನ ಹೆಸರು ಜೀ ಶುನ್. ಬಾವುಟ ಕಾಂಬೋಡಿಯಾದ್ದು. ಒಳಗಿದ್ದ ನಾವಿಕರು ಉತ್ತರ ಕೊರಿಯಾದವರು. ಸುಮಾರು ಮೂರು ವಾರದ ಹಿಂದೆ ಅದು ಹೊರಟದ್ದೂ ಉತ್ತರ ಕೊರಿಯಾದ ಹೇಜು ಬಂದರಿನಿಂದಲೇ. ಹೊಟ್ಟೆ ತುಂಬ ಕಬ್ಬಿಣದ ಅದಿರು, ಸುಮಾರು 2,300 ಟನ್. ಅದಿರು ಸರಿಸಿ ನೋಡಿದರೆ ಅಡಿಯಲ್ಲಿ ಮರದ ಪೆಟ್ಟಿಗೆಗಳು. ಕಾಗದಪತ್ರದ ಪ್ರಕಾರ ಅವು ನೀರೊಳಗೆ ಇಳಿಸುವ ಪಂಪಿನ ಬಿಡಿಭಾಗ. ತೆರೆದು ನೋಡಿದಾಗ ಸಿಕ್ಕಿದ್ದು ಹೆಗಲ ಮೇಲಿಟ್ಟು ಹಾರಿಸುವ ಆರ್‌ಪಿಜಿ ರಾಕೆಟ್‌ಗಳು, ಸುಮಾರು 30,000.

ಉತ್ತರ ಕೊರಿಯಾ ಒಂದೇ ಒಂದು ಗುಂಡನ್ನೂ ಹೊರದೇಶಕ್ಕೆ ಮಾರಬಾರದು ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹೇಳಿ ಅಷ್ಟು ಹೊತ್ತಿಗೆ ಏಳು ವರ್ಷ ಆಗಿತ್ತು. ಹಾಗಿದ್ದರೂ ಇಷ್ಟೊಂದು ಸರಕು ಯಾರಿಗಾಗಿ ಹೊರಟಿತ್ತು? ಮುಂದಿನ ವರ್ಷ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಒಂದು ವರದಿ ಮಾಡಿತು. ಅದರ ಪ್ರಕಾರ ಕೊಳ್ಳಲು ಹೊರಟಿದ್ದದ್ದು ಈಜಿಪ್ಟಿನ ಸೇನೆಯೇ. ಅಮೆರಿಕದ ಗುಪ್ತಚರರು ಹಡಗಿನ ಬಗ್ಗೆ ಸುಳಿವು ಕೊಟ್ಟಿದ್ದರಿಂದ ಈಜಿಪ್ಟ್ ಅದನ್ನು ಹಿಡಿಯಲೇಬೇಕಾಯಿತು. ತಾನು ನಿಯಮಗಳನ್ನು ಪಾಲಿಸುತ್ತಿದ್ದೇನೆ ಎಂದು ಈಜಿಪ್ಟ್ ಹೇಳಿಕೊಂಡಿತು. ಸರಕನ್ನು ನಾಶ ಮಾಡಲಾಯಿತು.

ಈ ಒಂದು ಹಡಗಿನಲ್ಲಿ ನಮ್ಮ ಪ್ರಶ್ನೆ ಪೂರ್ತಿ ಇದೆ. ಅಂತಾರಾಷ್ಟ್ರೀಯ ನಿರ್ಬಂಧಗಳು ಒಂದು ಸರ್ಕಾರ ಬಂದೂಕು ಮಾರುವುದನ್ನು ನಿಲ್ಲಿಸುತ್ತವೆಯೇ? ನಿಲ್ಲಿಸದಿದ್ದರೆ, ಕಡಿಮೆಯಾದರೂ ಮಾಡುತ್ತವೆಯೇ? ಹಲವು ಪ್ರಕರಣಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ ಮೇಲೆ ನನಗೆ ಅನ್ನಿಸುವುದು ಇಷ್ಟು: ನಿರ್ಬಂಧದ ಹೆಸರು ಮಾರುವವನ ಮೇಲಿರುತ್ತದೆ, ಆದರೆ ಅದು ಕೆಲಸ ಮಾಡುವುದು ಕೊಳ್ಳುವವನ ಮೇಲೆ. ಕೊಳ್ಳುವವನಿಗೆ ಕಳೆದುಕೊಳ್ಳಲು ಏನಾದರೂ ಇದ್ದರೆ ವ್ಯಾಪಾರ ನಿಲ್ಲುತ್ತದೆ. ಇಲ್ಲದಿದ್ದರೆ ನಡೆಯುತ್ತಲೇ ಇರುತ್ತದೆ.

ಎರಡು ಥರದ ತಡೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. "ಶಸ್ತ್ರಾಸ್ತ್ರ ನಿರ್ಬಂಧ" ಎಂದು ಪತ್ರಿಕೆಯಲ್ಲಿ ಓದಿದಾಗ ಅದು ಹೆಚ್ಚಾಗಿ "ಇವರಿಗೆ ಯಾರೂ ಮಾರಬೇಡಿ" ಎಂಬ ತಡೆ. ಸೊಮಾಲಿಯಾ, ಲೈಬೀರಿಯಾ, ಹಳೆಯ ಯುಗೊಸ್ಲಾವಿಯಾ, ಇವೆಲ್ಲ ಆ ಗುಂಪಿಗೆ ಸೇರಿದವು. ಇದಕ್ಕೆ ತಿರುಗುಮುರುಗಾದ ಇನ್ನೊಂದು ತಡೆ ಇದೆ. "ಇವರಿಂದ ಯಾರೂ ಕೊಳ್ಳಬೇಡಿ." ಇದು ತುಂಬಾ ಅಪರೂಪ. ಇರಾನ್ ಮೇಲೆ 2007ರಲ್ಲಿ 1747ನೇ ನಿರ್ಣಯದ ಮೂಲಕ ಬಂತು. ಉತ್ತರ ಕೊರಿಯಾದ ಮೇಲೆ 2006ರಲ್ಲಿ ಅರ್ಧ, 2009ರಲ್ಲಿ ಪೂರ್ತಿ ಬಂತು. ಎರಿಟ್ರಿಯಾದ ಮೇಲೆ 2009ರಲ್ಲಿ ಬಂದು 2018ರಲ್ಲಿ ಹೋಯಿತು. ಗಡಾಫಿ ಆಳುತ್ತಿದ್ದಾಗಲೇ 2011ರಲ್ಲಿ ಲಿಬಿಯಾದ ಮೇಲೂ ಬಂತು. ಆದರೆ ಅಲ್ಲಿ ಸರ್ಕಾರವೇ ಕುಸಿದು, ಉಗ್ರಾಣಗಳ ಬಾಗಿಲು ತೆರೆದುಕೊಂಡು, ಬಂದೂಕುಗಳು ಸಹಾರಾ ದಾಟಿ ಮಾಲಿಯವರೆಗೆ ಹೋದವು. ಯಾರೂ ಕಾಯದ ಉಗ್ರಾಣಕ್ಕೆ ನಿರ್ಣಯದ ಕಾಗದ ಬೀಗ ಆಗುವುದಿಲ್ಲ.

ಉತ್ತರ ಕೊರಿಯಾದ ವಿಷಯದಲ್ಲಿ "ಅರ್ಧ" ಎಂದೆನಲ್ಲ, ಅದನ್ನು ಸ್ವಲ್ಪ ನಿಂತು ನೋಡಬೇಕು. 2006ರ ಅಕ್ಟೋಬರ್‌ನಲ್ಲಿ ಆ ದೇಶ ಮೊದಲ ಅಣುಪರೀಕ್ಷೆ ಮಾಡಿತು. ಕೆಲವೇ ದಿನಗಳಲ್ಲಿ 1718ನೇ ನಿರ್ಣಯ ಬಂತು. ಅದರಲ್ಲಿ ಟ್ಯಾಂಕ್, ಯುದ್ಧವಿಮಾನ, ಯುದ್ಧನೌಕೆ, ದೊಡ್ಡ ಫಿರಂಗಿ, ಕ್ಷಿಪಣಿ ಎಲ್ಲವೂ ಇದ್ದವು. ರೈಫಲ್ ಇರಲಿಲ್ಲ. ಗುಂಡು ಇರಲಿಲ್ಲ. ಆರ್‌ಪಿಜಿ ಇರಲಿಲ್ಲ. ಎರಡನೇ ಅಣುಪರೀಕ್ಷೆ ಆದ ಮೇಲೆ, 2009ರ ಜೂನ್‌ನಲ್ಲಿ, 1874ನೇ ನಿರ್ಣಯ ಬಂದು ಎಲ್ಲ ಶಸ್ತ್ರಗಳ ರಫ್ತನ್ನೂ ನಿಷೇಧಿಸಿತು. ಆಗಲೂ ಒಂದು ಕಿಂಡಿ ಉಳಿಯಿತು. ಉತ್ತರ ಕೊರಿಯಾ ಹೊರಗಿನಿಂದ ಸಣ್ಣ ಶಸ್ತ್ರ ಕೊಳ್ಳಬಹುದಿತ್ತು, ಮಾರುವ ದೇಶ ಮೊದಲೇ ತಿಳಿಸಿದರೆ ಸಾಕಿತ್ತು. ಆ ಕಿಂಡಿ ಮುಚ್ಚಿದ್ದು 2016ರ ಮಾರ್ಚ್‌ನಲ್ಲಿ.

ಅಂದರೆ ಜಗತ್ತಿನ ರಾಜಧಾನಿಗಳಲ್ಲಿ ಕೂತವರಿಗೆ ಭಯ ಹುಟ್ಟಿಸಿದ್ದು ಅಣುಬಾಂಬು ಮತ್ತು ಕ್ಷಿಪಣಿ. ಬಂದೂಕು ಆ ಪಟ್ಟಿಯ ಬಾಲದಲ್ಲಿ ಬಂತು. ಕಾಂಗೊದ ಹಳ್ಳಿಯಲ್ಲೋ ಯೆಮೆನ್‌ನ ಬೆಟ್ಟದಲ್ಲೋ ಬದುಕುವವರಿಗೆ ಭಯ ಬೇರೆಯೇ ಇದೆ. ಅವರ ಮನೆ ಬಾಗಿಲಿಗೆ ಬರುವುದು ಕ್ಷಿಪಣಿ ಅಲ್ಲ, ರೈಫಲ್ ಹಿಡಿದ ಮನುಷ್ಯ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ ತರಿಸುವುದು ಇದೇ.

ಬಂದೂಕು ಏಕೆ ಇಷ್ಟು ಕಷ್ಟ

ಸಣ್ಣ ಶಸ್ತ್ರ ಎಂದರೆ ಒಬ್ಬನೇ ಹೊತ್ತು ಹಾರಿಸಬಲ್ಲದ್ದು: ಪಿಸ್ತೂಲು, ರೈಫಲ್, ಹಗುರ ಮಷಿನ್‌ಗನ್. ಇಬ್ಬರು ಮೂವರು ಸೇರಿ ಸಾಗಿಸುವಂಥವು ಹಗುರ ಶಸ್ತ್ರಗಳು: ಭಾರೀ ಮಷಿನ್‌ಗನ್, ಸಣ್ಣ ಮಾರ್ಟರ್, ಹೆಗಲಿನಿಂದ ಹಾರಿಸುವ ಕ್ಷಿಪಣಿ ಇತ್ಯಾದಿ. ವಿಶ್ವಸಂಸ್ಥೆ ಎರಡನ್ನೂ ಒಟ್ಟಿಗೇ ಎಣಿಸುತ್ತದೆ.

ಯುದ್ಧವಿಮಾನ ಮಾರಿದರೆ ಸಂಬಂಧ ಅಲ್ಲಿಗೆ ಮುಗಿಯುವುದಿಲ್ಲ. ಬಿಡಿಭಾಗ ಬೇಕು, ತಂತ್ರಜ್ಞರು ಬೇಕು, ತರಬೇತಿ ಬೇಕು. ಹತ್ತು ವರ್ಷ ಕಳೆದರೂ ಕೊಂಡವನು ಮಾರಿದವನ ಬಾಗಿಲು ತಟ್ಟುತ್ತಿರಬೇಕು. ಹಾಗಾಗಿ ನಿರ್ಬಂಧ ಹಾಕಿದರೆ ವಿಮಾನ ಹಾರಿಸುವುದು ಬರಬರುತ್ತಾ ಕಷ್ಟವಾಗುತ್ತದೆ. ಬಂದೂಕು ಹಾಗಲ್ಲ. ಕೊಡಗಿನ ಮನೆಗಳಲ್ಲಿ ಅಜ್ಜನ ಕೋವಿಯನ್ನು ಮೊಮ್ಮಗ ಎಣ್ಣೆ ಹಾಕಿ ಒರೆಸಿ ಕೈಲ್‌ಪೊಳ್ದ್ ದಿನ ಪೂಜೆಗೆ ಇಡುವುದನ್ನು ನೋಡಿದ್ದೀರಲ್ವಾ? ಒಳ್ಳೆಯ ಉಕ್ಕಿಗೆ ವಯಸ್ಸಿನ ಲೆಕ್ಕವೇ ಇಲ್ಲ. ಅಲ್ಲಿ ಅದು ಮನೆತನದ ಗೌರವ. ಅದೇ ಬಾಳಿಕೆ ಯುದ್ಧದ ನಾಡಿನಲ್ಲಿ ಶಾಪವಾಗುತ್ತದೆ. 1970ರ ದಶಕದಲ್ಲಿ ತಯಾರಾದ ಕಲಾಶ್ನಿಕೋವ್ ರೈಫಲ್ ಇವತ್ತೂ ಗುಂಡು ಹಾರಿಸುತ್ತದೆ. ಇವತ್ತು ರಫ್ತು ನಿಂತರೂ ನಿನ್ನೆ ರಫ್ತಾದದ್ದು ಕೆಲಸ ಮಾಡುತ್ತಲೇ ಇರುತ್ತದೆ.

ಸ್ವಿಟ್ಜರ್ಲೆಂಡಿನ ಸ್ಮಾಲ್ ಆರ್ಮ್ಸ್ ಸರ್ವೇ ಸಂಸ್ಥೆ 2018ರಲ್ಲಿ ಹಾಕಿದ ಅಂದಾಜಿನಂತೆ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಬಂದೂಕುಗಳಿವೆ. ಅದೇ ಸಂಸ್ಥೆ 2012ರಲ್ಲಿ, ಕಾನೂನುಬದ್ಧವಾಗಿ ನಡೆಯುವ ಸಣ್ಣ ಶಸ್ತ್ರಗಳ ವ್ಯಾಪಾರ ವರ್ಷಕ್ಕೆ ಕನಿಷ್ಠ 850 ಕೋಟಿ ಡಾಲರ್ ಎಂದಿತ್ತು. ದೊಡ್ಡ ದೇಶದ ಲೆಕ್ಕದಲ್ಲಿ ಇದು ದೊಡ್ಡ ಮೊತ್ತ ಅಲ್ಲ. ಆದರೆ ಡಾಲರ್ ಸಿಗದೆ ಒದ್ದಾಡುವ ಸರ್ಕಾರಕ್ಕೆ ಒಂದು ಹಡಗಿನ ರಾಕೆಟ್ ಕೂಡ ದೊಡ್ಡ ಆದಾಯವೇ.

ಬಚ್ಚಿಡುವುದೂ ಸುಲಭ. ಟ್ಯಾಂಕನ್ನು ಅದಿರಿನ ಅಡಿಯಲ್ಲಿ ಹೂತಿಡಲು ಆಗುವುದಿಲ್ಲ. ಎರಡು ಸಾವಿರ ರೈಫಲ್‌ಗಳನ್ನು ಒಂದು ಮೀನುಗಾರಿಕೆ ದೋಣಿಯಲ್ಲಿ ಒಯ್ಯಬಹುದು.

ಮತ್ತೆ ಕಾಗದ. ಒಂದು ದೇಶ ಶಸ್ತ್ರ ಕೊಳ್ಳುವಾಗ "ಇದು ನಮ್ಮ ಬಳಕೆಗೇ, ಬೇರೆಯವರಿಗೆ ಕೊಡುವುದಿಲ್ಲ" ಎಂಬ ಪ್ರಮಾಣಪತ್ರ ಕೊಡಬೇಕು. ಇದಕ್ಕೆ ಅಂತಿಮ ಬಳಕೆದಾರರ ಪ್ರಮಾಣಪತ್ರ ಎನ್ನುತ್ತಾರೆ. ಇಡೀ ವ್ಯವಸ್ಥೆ ನಿಂತಿರುವುದು ಈ ಒಂದು ಹಾಳೆಯ ಮೇಲೆ. ಅದು ಎಷ್ಟು ತೆಳ್ಳಗಿದೆ ಎಂದು ಭಾರತ ಬಹಳ ಹಿಂದೆಯೇ ನೋಡಿದೆ. 1995ರ ಡಿಸೆಂಬರ್ 17ರ ರಾತ್ರಿ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ ಮೇಲೆ ಒಂದು ಆಂಟೊನೊವ್ ವಿಮಾನ ಹಾರಿ, ಪ್ಯಾರಾಚೂಟ್ ಕಟ್ಟಿದ ಪೆಟ್ಟಿಗೆಗಳನ್ನು ಉದುರಿಸಿತು. ಬೆಳಗ್ಗೆ ಹಳ್ಳಿಯವರು ಎದ್ದು ನೋಡಿದರೆ ಹೊಲದಲ್ಲಿ ಎಕೆ-47 ಬಿದ್ದಿದ್ದವು. ನೂರಾರು ರೈಫಲ್, ಲಕ್ಷಗಟ್ಟಲೆ ಗುಂಡು. ಸರಕು ಬಂದದ್ದು ಬಲ್ಗೇರಿಯಾದಿಂದ. ಅದರ ಜೊತೆಗಿದ್ದ ಪ್ರಮಾಣಪತ್ರ ಬಾಂಗ್ಲಾದೇಶದ ಹೆಸರಿನಲ್ಲಿತ್ತು. ಬಾಂಗ್ಲಾದೇಶಕ್ಕೂ ಆ ಸರಕಿಗೂ ಸಂಬಂಧವೇ ಇರಲಿಲ್ಲ. ಅಲ್ಲಿ ಮುರಿಯಲು ಯಾವ ನಿರ್ಬಂಧವೂ ಇರಲಿಲ್ಲ, ಮಾಮೂಲಿ ರಫ್ತಿನ ನಿಯಮ ಅಷ್ಟೇ. ಆ ಮಾಮೂಲಿ ನಿಯಮವನ್ನೇ ಒಂದು ಸುಳ್ಳು ಹಾಳೆ ದಾಟಿಸಿಬಿಟ್ಟಿತು.

ನಿರ್ಬಂಧ ಇರುವಲ್ಲಿ ಇದೇ ಆಟ ಇನ್ನೂ ಹಲವು ಪದರಗಳಲ್ಲಿ ನಡೆಯುತ್ತದೆ. 2009ರ ಡಿಸೆಂಬರ್‌ನಲ್ಲಿ ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್ಯಾಂಗ್‌ನಿಂದ ಹೊರಟ ಒಂದು ಇಲ್ಯೂಷಿನ್-76 ವಿಮಾನ ಇಂಧನ ತುಂಬಿಸಿಕೊಳ್ಳಲು ಬ್ಯಾಂಕಾಕ್‌ನ ಡಾನ್ ಮುವಾಂಗ್ ನಿಲ್ದಾಣದಲ್ಲಿ ಇಳಿಯಿತು. ಥಾಯ್ ಅಧಿಕಾರಿಗಳು ಒಳಗೆ ನೋಡಿದಾಗ ಸುಮಾರು 35 ಟನ್ ರಾಕೆಟ್, ಆರ್‌ಪಿಜಿ ಮತ್ತಿತರ ಶಸ್ತ್ರ ಸಿಕ್ಕಿದವು. ಕಾಗದದಲ್ಲಿ ಇದ್ದದ್ದು ತೈಲ ತೋಡುವ ಸಲಕರಣೆ. ವಿಮಾನದ ನೋಂದಣಿ ಜಾರ್ಜಿಯಾದ್ದು. ಬಾಡಿಗೆಗೆ ಪಡೆದದ್ದು ನ್ಯೂಜಿಲೆಂಡಿನಲ್ಲಿ ಹೆಸರಿಗಷ್ಟೇ ಇದ್ದ ಒಂದು ಕಂಪನಿ. ಸಿಬ್ಬಂದಿ ಕಜಕಸ್ತಾನ ಮತ್ತು ಬೆಲಾರೂಸಿನವರು. ಹೋಗಬೇಕಿದ್ದದ್ದು ಟೆಹ್ರಾನ್‌ಗೆ. ಶಸ್ತ್ರ ಮಾರಬಾರದು ಎಂಬ ತಡೆ ಇದ್ದ ಒಂದು ದೇಶದಿಂದ ಅಂಥದೇ ತಡೆ ಇದ್ದ ಇನ್ನೊಂದು ದೇಶಕ್ಕೆ, ನಡುವೆ ಐದಾರು ದೇಶಗಳ ಹೆಸರು. ಈಗ ತಪ್ಪು ಯಾರದ್ದು, ಯಾವ ನ್ಯಾಯಾಲಯಕ್ಕೆ ಹೋಗಬೇಕು? ಸಿಬ್ಬಂದಿಯನ್ನು ಥಾಯ್ಲೆಂಡ್ ಎರಡು ತಿಂಗಳಲ್ಲಿ ಬಿಟ್ಟುಬಿಟ್ಟಿತು.

ಹಿಡಿಯುವವರು ಯಾರು?

ಭದ್ರತಾ ಮಂಡಳಿಗೆ ಸ್ವಂತ ನೌಕಾಪಡೆ ಇಲ್ಲ, ಪೊಲೀಸರಿಲ್ಲ, ಕಸ್ಟಮ್ಸ್ ಇಲ್ಲ. ಅದು ನಿರ್ಣಯ ಬರೆಯುತ್ತದೆ. ಜಾರಿ ಮಾಡುವುದು ಆಯಾ ದೇಶಗಳು. ಸಮುದ್ರದ ನಡುವೆ ಇನ್ನೊಂದು ತೊಡಕಿದೆ. ಹಡಗು ಯಾವ ದೇಶದ ಬಾವುಟ ಹಾರಿಸುತ್ತಿದೆಯೋ ಆ ದೇಶ ಒಪ್ಪದೆ ಅದನ್ನು ಹತ್ತಿ ತಪಾಸಣೆ ಮಾಡುವಂತಿಲ್ಲ. 1874ನೇ ನಿರ್ಣಯ ಕೂಡ ಈ ಒಪ್ಪಿಗೆಯನ್ನು ಕೈಬಿಡಲಿಲ್ಲ.

ಹಾಗೆಂದು ಅದು ಬರೀ ಕಾಗದವೂ ಅಲ್ಲ. ಆ ನಿರ್ಣಯ ಬಂದ ಕೆಲವೇ ದಿನಗಳಲ್ಲಿ ಕಾಂಗ್ ನಾಮ್ ಎಂಬ ಉತ್ತರ ಕೊರಿಯಾದ ಹಡಗು ತೆಂಕಣಕ್ಕೆ ಹೊರಟಿತು. ಮ್ಯಾನ್ಮಾರ್‌ಗೆ ಶಸ್ತ್ರ ಒಯ್ಯುತ್ತಿದೆ ಎಂಬ ಅನುಮಾನ ಇತ್ತು. ಅಮೆರಿಕದ ಯುದ್ಧನೌಕೆ ಅದರ ಬೆನ್ನು ಹತ್ತಿತು. ಯಾರೂ ಹಡಗು ಹತ್ತಲಿಲ್ಲ, ಒಂದು ಗುಂಡೂ ಹಾರಲಿಲ್ಲ. ಯಾವ ಬಂದರಿಗೆ ಹೋದರೂ ತಪಾಸಣೆ ಆಗುವುದು ಖಂಡಿತ ಎಂದು ಗೊತ್ತಾದ ಮೇಲೆ ಹಡಗು ನಡುದಾರಿಯಲ್ಲೇ ತಿರುಗಿ ಮನೆಗೆ ಹೋಯಿತು. 2011ರಲ್ಲಿ ಲೈಟ್ ಎಂಬ ಇನ್ನೊಂದು ಹಡಗಿನ ವಿಷಯದಲ್ಲೂ ಹೀಗೇ ಆಯಿತು. ಅದು ಬೆಲೀಜ್ ದೇಶದ ಬಾವುಟ ಹಾಕಿಕೊಂಡಿತ್ತು. ಬೆಲೀಜ್ ತಪಾಸಣೆಗೆ ಒಪ್ಪಿತು, ಕ್ಯಾಪ್ಟನ್ ಒಪ್ಪಲಿಲ್ಲ. ಕೊನೆಗೆ ಅದೂ ಹಿಂದೆ ಹೋಯಿತು. ದಾರಿಯಲ್ಲಿ ಬರುವ ಬಂದರುಗಳೆಲ್ಲ ಬಾಗಿಲು ಹಾಕಿಕೊಂಡರೆ ಸಾಕು, ಹಡಗಿಗೆ ಹೋಗಲು ಜಾಗವೇ ಇರುವುದಿಲ್ಲ.

ಹಿಡಿದ ಮೇಲೆ ಏನು ಮಾಡಬೇಕು? ಇದನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ. ನನ್ನನ್ನು ತುಂಬಾ ಕಾಡುವ ಕಥೆ ಇಲ್ಲೇ ಇದೆ.

2009ರ ಜನವರಿ. ಮೊನ್ಚೆಗೋರ್ಸ್ಕ್ ಎಂಬ ಹಡಗು ಇರಾನ್‌ನಿಂದ ಸಿರಿಯಾಕ್ಕೆ ಹೋಗುತ್ತಿತ್ತು. ಬಾವುಟ ಸೈಪ್ರಸ್‌ನದು. ಕೆಂಪು ಸಮುದ್ರದಲ್ಲಿ ಅಮೆರಿಕದ ನೌಕಾಪಡೆ ತಡೆದು ನೋಡಿದಾಗ ಮದ್ದುಗುಂಡು ಕಂಡಿತು. ಆದರೆ ವಶಪಡಿಸಿಕೊಳ್ಳುವ ಅಧಿಕಾರ ಅವರಿಗಿರಲಿಲ್ಲ. ಹಡಗನ್ನು ಸೈಪ್ರಸ್‌ಗೆ ಕರೆಸಲಾಯಿತು. ಇದು 1747ನೇ ನಿರ್ಣಯದ ಉಲ್ಲಂಘನೆ ಎಂದು ವಿಶ್ವಸಂಸ್ಥೆಯ ಸಮಿತಿ ಹೇಳಿತು. ಸೈಪ್ರಸ್ 98 ಕಂಟೇನರ್‌ಗಳನ್ನು ಇಳಿಸಿಕೊಂಡು ಮಾರಿ ಎಂಬ ಊರಿನ ಬಳಿಯ ನೌಕಾನೆಲೆಯ ಬಯಲಿನಲ್ಲಿ ಪೇರಿಸಿತು. ಸಿರಿಯಾದ ಜೊತೆ ಸಂಬಂಧ ಕೆಡಿಸಿಕೊಳ್ಳಲು ಅದಕ್ಕೆ ಇಷ್ಟವಿರಲಿಲ್ಲ. ನಾಶ ಮಾಡಲೂ ಇಲ್ಲ, ಬೇರೆಯವರಿಗೆ ಒಪ್ಪಿಸಲೂ ಇಲ್ಲ. ಮೆಡಿಟರೇನಿಯನ್ ಬಿಸಿಲಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಕಬ್ಬಿಣದ ಪೆಟ್ಟಿಗೆಗಳು ಸುಮ್ನೆ ಕಾದವು. 2011ರ ಜುಲೈ 11ರ ಬೆಳಗಿನ ಜಾವ ಅವು ಸಿಡಿದವು. 13 ಜನ ಸತ್ತರು. ಬೆಂಕಿ ಆರಿಸಲು ಓಡಿಬಂದ ಅಗ್ನಿಶಾಮಕರು, ನಾವಿಕರು, ನೌಕಾಪಡೆಯ ಮುಖ್ಯಸ್ಥ ಎಲ್ಲರೂ ಅವರಲ್ಲಿದ್ದರು. ಪಕ್ಕದ ವಿದ್ಯುತ್ ಸ್ಥಾವರ ನುಚ್ಚುನೂರಾಯಿತು. ದ್ವೀಪದ ಅರ್ಧದಷ್ಟು ಕರೆಂಟ್ ಬರುತ್ತಿದ್ದದ್ದು ಅದರಿಂದಲೇ. ತನಿಖೆ ನಡೆಸಿದವರು ದೇಶದ ಅಧ್ಯಕ್ಷರವರೆಗೂ ಹೊಣೆ ಹೊರಿಸಿದರು.

ಆ ಸರಕು ಸಿರಿಯಾ ಮುಟ್ಟಲಿಲ್ಲ. ಆ ಲೆಕ್ಕದಲ್ಲಿ ನಿರ್ಬಂಧ ಗೆದ್ದಿತು. ಆದರೆ ಅದನ್ನು ಪಾಲಿಸಿದ ಒಂದು ಪುಟ್ಟ ದೇಶ ಅದಕ್ಕೆ ತೆತ್ತ ಬೆಲೆ ಎಂಥದ್ದು! ಸರಕು ಹಿಡಿಯಿರಿ ಎಂದು ಹೇಳುವವರು ಅದನ್ನು ಎಲ್ಲಿಡಬೇಕು, ಹೇಗೆ ನಾಶ ಮಾಡಬೇಕು, ಖರ್ಚು ಯಾರದ್ದು ಎಂಬುದನ್ನೂ ಜೊತೆಗೇ ಹೇಳಬೇಕಿತ್ತು.

ಎಲ್ಲಿ ಕೆಲಸ ಮಾಡಿತು

ಈಗ ನಮೀಬಿಯಾಕ್ಕೆ ಬರೋಣ. ಆ ದೇಶಕ್ಕೂ ಉತ್ತರ ಕೊರಿಯಾಕ್ಕೂ ಹಳೆಯ ಸ್ನೇಹ. ದಕ್ಷಿಣ ಆಫ್ರಿಕಾದ ಹಿಡಿತದಿಂದ ಬಿಡಿಸಿಕೊಳ್ಳುವ ಹೋರಾಟದಲ್ಲಿ ಪ್ಯೊಂಗ್ಯಾಂಗ್ ನೆರವಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ರಾಜಧಾನಿ ವಿಂಡ್‌ಹುಕ್‌ನಲ್ಲಿ ಹುತಾತ್ಮರ ಸ್ಮಾರಕ, ಅಧ್ಯಕ್ಷರ ಭವನ ಎಲ್ಲವನ್ನೂ ಕಟ್ಟಿದ್ದು ಉತ್ತರ ಕೊರಿಯಾದ ಮನ್ಸುದೆ ಕಂಪನಿ. ಆದರೆ ಕಟ್ಟಿದ್ದು ಸ್ಮಾರಕ ಮಾತ್ರ ಅಲ್ಲ. ವಿಂಡ್‌ಹುಕ್ ಹತ್ತಿರ ಒಂದು ಮದ್ದುಗುಂಡು ಕಾರ್ಖಾನೆಯ ಕೆಲಸದಲ್ಲೂ ಮನ್ಸುದೆ ಇತ್ತು. ಅದರ ಜೊತೆಗೆ, ನಿರ್ಬಂಧದ ಪಟ್ಟಿಯಲ್ಲಿದ್ದ ಕೋಮಿಡ್ ಎಂಬ ಶಸ್ತ್ರ ವ್ಯಾಪಾರದ ಕಂಪನಿಯೂ ಇತ್ತು. ಇದನ್ನು ಹೊರಗೆ ತಂದದ್ದು ವಿಶ್ವಸಂಸ್ಥೆಯ ತಜ್ಞರ ಸಮಿತಿ.

ಈ ಸಮಿತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಎಂಟು ಜನರ ಪುಟ್ಟ ತಂಡ. ಪೆಟ್ಟಿಗೆಯ ಮೇಲಿನ ಅಕ್ಷರ, ರೈಫಲ್ ಮೇಲಿನ ಕ್ರಮಸಂಖ್ಯೆ, ಹಡಗಿನ ಹಳೆಯ ಹೆಸರು, ಬ್ಯಾಂಕಿನ ಪಾವತಿ, ಹೀಗೆ ಒಂದೊಂದನ್ನೇ ಹೆಕ್ಕಿ ಜೋಡಿಸುತ್ತಿತ್ತು. ಶಿಕ್ಷೆ ಕೊಡುವ ಅಧಿಕಾರ ಅದಕ್ಕಿರಲಿಲ್ಲ. ಹೆಸರು ಹೇಳುವ ಅಧಿಕಾರ ಇತ್ತು. ಆ ಹೆಸರು ಹೇಳುವುದೇ ನಮೀಬಿಯಾದಲ್ಲಿ ಸಾಕಾಯಿತು. ಡಾಲರ್ ವ್ಯವಹಾರ, ಪ್ರವಾಸಿಗರು, ನೆರವು, ಜಗತ್ತಿನ ಮುಂದೆ ಮರ್ಯಾದೆ, ಇವೆಲ್ಲ ಬೇಕಾದ ದೇಶ ಅದು. 2016ರ ಜೂನ್ ಕೊನೆಗೆ ಎರಡೂ ಕಂಪನಿಗಳ ಜೊತೆ ಕರಾರು ಮುಗಿಸುತ್ತೇವೆ ಎಂದು ನಮೀಬಿಯಾ ಪ್ರಕಟಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದ ಅಧ್ಯಕ್ಷೆ ಪಾರ್ಕ್ ಗ್ಯುನ್-ಹೆ ಉಗಾಂಡಾಕ್ಕೆ ಬಂದಿದ್ದರು. ಉಗಾಂಡಾದ ಪೊಲೀಸರಿಗೆ ಉತ್ತರ ಕೊರಿಯಾದವರು ತರಬೇತಿ ಕೊಡುತ್ತಿದ್ದ ಕಾಲ ಅದು. ಆ ಸಹಕಾರವನ್ನು ನಿಲ್ಲಿಸುವುದಾಗಿ ಉಗಾಂಡಾದ ಅಧ್ಯಕ್ಷ ಮುಸೆವೇನಿ ಹೇಳಿದರು.

ಇರಾನ್ ವಿಷಯದಲ್ಲೂ ಇಂಥದ್ದು ನಡೆಯಿತು. 2010ರ ಅಕ್ಟೋಬರ್‌ನಲ್ಲಿ ನೈಜೀರಿಯಾದ ಲೇಗೋಸ್ ಬಂದರಿನಲ್ಲಿ 13 ಕಂಟೇನರ್ ರಾಕೆಟ್, ಮಾರ್ಟರ್, ಗುಂಡು ಸಿಕ್ಕವು. ಕಾಗದದಲ್ಲಿ ಅವು ಕಟ್ಟಡ ಸಾಮಗ್ರಿ. ಹೋಗಬೇಕಿದ್ದದ್ದು ಗ್ಯಾಂಬಿಯಾಕ್ಕೆ ಎಂದು ಗೊತ್ತಾದಾಗ ಮುಂದಿನ ತಿಂಗಳೇ ಗ್ಯಾಂಬಿಯಾ ಇರಾನ್ ಜೊತೆ ಸಂಬಂಧ ಕಡಿದುಕೊಂಡಿತು. ಪಕ್ಕದ ಸೆನೆಗಲ್ ಮುಂದಿನ ವರ್ಷ ಅದೇ ದಾರಿ ಹಿಡಿಯಿತು. ತನ್ನ ದಕ್ಷಿಣ ಭಾಗದ ಬಂಡುಕೋರರ ಕೈಗೆ ಇರಾನಿನ ಶಸ್ತ್ರ ಹೋಗುತ್ತಿದೆ ಎಂಬುದು ಅದರ ಸಿಟ್ಟು. ಒಂದು ಸರಕು ಹಿಡಿದದ್ದಕ್ಕೆ ಪಶ್ಚಿಮ ಆಫ್ರಿಕಾದಲ್ಲಿ ಇರಾನ್ ಎರಡು ಗೆಳೆಯರನ್ನು ಕಳೆದುಕೊಂಡಿತು.

ಎಲ್ಲಿ ಸೋತಿತು

ಕೊಳ್ಳುವವನು ಸರ್ಕಾರ ಅಲ್ಲದಿದ್ದರೆ? ಯೆಮೆನ್‌ನ ಹೂಥಿ ಬಂಡುಕೋರರಿಗೆ ಕಳೆದುಕೊಳ್ಳಲು ವಿಶ್ವಬ್ಯಾಂಕಿನ ಸಾಲ ಇಲ್ಲ, ಪ್ರವಾಸಿಗರಿಲ್ಲ. ಅವರಿಗೆ ಶಸ್ತ್ರ ಕೊಡಬಾರದು ಎಂದು 2015ರ ಏಪ್ರಿಲ್‌ನಲ್ಲಿ 2216ನೇ ನಿರ್ಣಯ ಬಂತು. ಇರಾನ್ ರಫ್ತು ಮಾಡಬಾರದು ಎಂಬ ತಡೆ ಮೊದಲೇ ಇತ್ತು. ಎರಡು ಬೇಲಿ. ಆದರೂ 2016ರ ಫೆಬ್ರವರಿ ಕೊನೆಯಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ನೌಕೆ ಒಮಾನ್ ಆಚೆಯ ಸಮುದ್ರದಲ್ಲಿ ಒಂದು ಧೌ ದೋಣಿ ತಡೆದಾಗ 1,989 ಎಕೆ-47 ರೈಫಲ್, 100 ಆರ್‌ಪಿಜಿ ಲಾಂಚರ್ ಸಿಕ್ಕವು. ಮಾರ್ಚ್‌ನಲ್ಲಿ ಫ್ರಾನ್ಸಿನ ನೌಕೆಗೆ ಇನ್ನೊಂದು ದೋಣಿಯಲ್ಲಿ ಸುಮಾರು 2,000 ರೈಫಲ್ ಸಿಕ್ಕವು. ಅದೇ ತಿಂಗಳ ಕೊನೆಗೆ ಅಮೆರಿಕದ ನೌಕೆಗೆ ಮತ್ತೂ 1,500. ಫ್ರೆಂಚರಿಗೆ ಸಿಕ್ಕ ಸ್ನೈಪರ್ ರೈಫಲ್‌ಗಳು ಇರಾನಿನಲ್ಲೇ ಮಾಡಿದವು, ಹೊಚ್ಚ ಹೊಸವು. ಅವು ಹಳೆಯ ಗುಜರಿ ಸಂತೆಯಿಂದ ಬಂದವಲ್ಲ, ಯಾವುದೋ ದೇಶದ ಸರ್ಕಾರಿ ದಾಸ್ತಾನಿನಿಂದಲೇ ಹೊರಬಂದಿರಬೇಕು ಎಂದು ಶಸ್ತ್ರಗಳ ಜಾಡು ಹಿಡಿಯುವ ಕಾನ್‌ಫ್ಲಿಕ್ಟ್ ಆರ್ಮಮೆಂಟ್ ರಿಸರ್ಚ್ ಸಂಸ್ಥೆ ವಿವರಿಸಿತು. ಹೂಥಿಗಳಿಗೆ ತಾನು ಶಸ್ತ್ರ ಕೊಡುತ್ತಿಲ್ಲ ಎಂಬುದು ಇರಾನಿನ ಮಾತು.

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳನ್ನು ನೋಡಿದವರಿಗೆ ಧೌ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅರಬ್ಬಿ ಸಮುದ್ರದಲ್ಲಿ ಇಂಥ ದೋಣಿಗಳು ಸಾವಿರಾರು ಓಡಾಡುತ್ತವೆ. ಮೀನು, ಈರುಳ್ಳಿ, ಖರ್ಜೂರ, ಸಿಮೆಂಟು. ಕೆಲವಕ್ಕೆ ನೋಂದಣಿಯೇ ಇರುವುದಿಲ್ಲ. ಬಾವುಟ ಇಲ್ಲದ ದೋಣಿಯನ್ನು ಹತ್ತಲು ಯಾರ ಒಪ್ಪಿಗೆಯೂ ಬೇಡ, ಅದೊಂದು ಅನುಕೂಲ. ಆದರೆ ಸಾವಿರ ದೋಣಿಯಲ್ಲಿ ಯಾವುದನ್ನು ಹತ್ತಬೇಕು?

ಕೊಳ್ಳುವವನು ಬಲಿಷ್ಠನಾಗಿದ್ದರೆ ಕಥೆ ಇನ್ನೂ ಬೇರೆ. 2023ರ ಅಕ್ಟೋಬರ್‌ನಲ್ಲಿ ಅಮೆರಿಕ ಒಂದು ಮಾತು ಹೇಳಿತು: ಉತ್ತರ ಕೊರಿಯಾ ರಷ್ಯಾಕ್ಕೆ 1,000ಕ್ಕೂ ಹೆಚ್ಚು ಕಂಟೇನರ್ ಯುದ್ಧ ಸಾಮಗ್ರಿ ಕಳಿಸಿದೆ. ಹೆಚ್ಚಾಗಿ ಫಿರಂಗಿ ಗುಂಡುಗಳು. 2006 ಮತ್ತು 2009ರ ನಿರ್ಣಯಗಳಿಗೆ ಕೈ ಎತ್ತಿದ್ದ ದೇಶವೇ ರಷ್ಯಾ. ಅದರ ಮೇಲೆ ಭದ್ರತಾ ಮಂಡಳಿ ಏನೂ ಮಾಡಲಾರದು, ಯಾವ ನಿರ್ಣಯವನ್ನೂ ಒಂಟಿಯಾಗಿ ತಡೆಯುವ ಹಕ್ಕು, ಅಂದರೆ ವೀಟೊ, ಅದರ ಕೈಯಲ್ಲೇ ಇದೆ.

ಇಲ್ಲೇ ಈ ವ್ಯವಸ್ಥೆಯ ಬುಡದ ದೋಷ ಕಾಣುತ್ತದೆ. ವೀಟೊ ಇರುವ ಐದೂ ದೇಶಗಳು ಜಗತ್ತಿನ ದೊಡ್ಡ ಶಸ್ತ್ರ ಮಾರಾಟಗಾರರು. "ಇವರಿಂದ ಕೊಳ್ಳಬೇಡಿ" ಎಂಬ ತಡೆ ಅವರ ಮೇಲೆ ಯಾವತ್ತೂ ಬರಲಾರದು. ಅದು ಬೀಳುವುದು ಸಣ್ಣ ಮಾರಾಟಗಾರರ ಮೇಲೆ ಮಾತ್ರ. ಅವರ ಮೇಲೂ ದೊಡ್ಡವರಿಗೆ ಅನುಕೂಲ ಇರುವಷ್ಟು ದಿನ ಮಾತ್ರ. ಇದು ರಷ್ಯಾ ಒಂದರ ಮಾತಲ್ಲ. 2007ರ ಜನವರಿಯಲ್ಲಿ, ಮೊದಲ ನಿರ್ಣಯ ಬಂದ ಮೂರೇ ತಿಂಗಳಲ್ಲಿ, ಇಥಿಯೋಪಿಯಾ ಉತ್ತರ ಕೊರಿಯಾದಿಂದ ಟ್ಯಾಂಕ್ ಬಿಡಿಭಾಗ ಮೊದಲಾದ ಸಾಮಾನು ತರಿಸಿಕೊಂಡಿತು. ಅಮೆರಿಕಕ್ಕೆ ಅದು ಗೊತ್ತಿತ್ತು, ಬಿಟ್ಟುಕೊಟ್ಟಿತು ಎಂದು ನ್ಯೂಯಾರ್ಕ್ ಟೈಮ್ಸ್ ಆ ವರ್ಷದ ಏಪ್ರಿಲ್‌ನಲ್ಲಿ ಬರೆಯಿತು. ಸೊಮಾಲಿಯಾದಲ್ಲಿ ಆಗ ಇಥಿಯೋಪಿಯಾ ಅಮೆರಿಕಕ್ಕೆ ಬೇಕಾದ ಯುದ್ಧ ಮಾಡುತ್ತಿತ್ತು.

ಭದ್ರತಾ ಮಂಡಳಿಯ ಹೊರಗೆ ಒಂದೊಂದು ದೇಶ ತಾನಾಗಿ ಹಾಕುವ ನಿರ್ಬಂಧಗಳೂ ಇವೆ. ರಷ್ಯಾದ ಕಲಾಶ್ನಿಕೋವ್ ಕಂಪನಿಯ ಮೇಲೆ ಅಮೆರಿಕ 2014ರ ಜುಲೈನಲ್ಲಿ ನಿರ್ಬಂಧ ಹಾಕಿತು. ಅಮೆರಿಕದ ಬೇಟೆಗಾರರು, ಬಂದೂಕು ಪ್ರಿಯರು ಆ ಕಂಪನಿಯ ದೊಡ್ಡ ಗಿರಾಕಿಗಳಾಗಿದ್ದರು. ಆ ಬಾಗಿಲು ಮುಚ್ಚಿತು. ಆದರೆ ಉಳಿದ ಜಗತ್ತಿಗೆ ಆ ನಿಯಮ ಕಟ್ಟುಪಾಡಲ್ಲ. 2021ರ ಡಿಸೆಂಬರ್‌ನಲ್ಲಿ ಭಾರತ ರಷ್ಯಾದ ಕಲಾಶ್ನಿಕೋವ್ ಮಾದರಿಯ 6 ಲಕ್ಷಕ್ಕೂ ಹೆಚ್ಚು ಎಕೆ-203 ರೈಫಲ್‌ಗಳಿಗೆ ಒಪ್ಪಂದ ಮಾಡಿಕೊಂಡಿತು. ಅವು ತಯಾರಾಗುವುದು ಉತ್ತರ ಪ್ರದೇಶದ ಅಮೇಠಿಯ ಕೊರ್ವಾದಲ್ಲಿ. 2024ರ ಜುಲೈ ಹೊತ್ತಿಗೆ 35,000 ರೈಫಲ್ ಸೇನೆಗೆ ಸಿಕ್ಕಿದ್ದವು. ಇದರಲ್ಲಿ ಭಾರತ ಯಾವ ಅಂತಾರಾಷ್ಟ್ರೀಯ ಕಾನೂನನ್ನೂ ಮುರಿದಿಲ್ಲ. ಆದರೆ ಒಂದು ವಿಷಯ ಇಲ್ಲಿ ಸ್ಪಷ್ಟವಾಗುತ್ತದೆ: ಬಂದೂಕು ಮಾತ್ರ ರಫ್ತಾಗುವುದಿಲ್ಲ, ಬಂದೂಕಿನ ಕಾರ್ಖಾನೆಯೂ ರಫ್ತಾಗುತ್ತದೆ. ಹಡಗಿನ ಪೆಟ್ಟಿಗೆ ತೆರೆದು ನೋಡಿದರೆ ಅದು ಸಿಗುವುದಿಲ್ಲ.

ದಕ್ಷಿಣ ಆಫ್ರಿಕಾ ಇದಕ್ಕೆ ಹಳೆಯ ಪಾಠ. ವರ್ಣಭೇದದ ಸರ್ಕಾರಕ್ಕೆ ಶಸ್ತ್ರ ಮಾರಬೇಡಿ ಎಂದು ಭದ್ರತಾ ಮಂಡಳಿ 1977ರ ನವೆಂಬರ್‌ನಲ್ಲಿ ಕಡ್ಡಾಯ ನಿರ್ಬಂಧ ಹಾಕಿತು. ಅದು ನ್ಯಾಯವಾದ ನಿರ್ಬಂಧ, ಅದರಲ್ಲಿ ನನಗೆ ಅನುಮಾನ ಇಲ್ಲ. ಹೊರಗಿನಿಂದ ಸಿಗದಿದ್ದಾಗ ಆ ಸರ್ಕಾರ ಆರ್ಮ್‌ಸ್ಕೋರ್ ಎಂಬ ತನ್ನ ಸಂಸ್ಥೆಯನ್ನು ಬೆಳೆಸಿತು. ಇಸ್ರೇಲಿನ ಗಲೀಲ್ ರೈಫಲ್ ಮಾದರಿಯಲ್ಲಿ ಆರ್-4 ಎಂಬ ರೈಫಲ್ ಮಾಡಿತು. ಫಿರಂಗಿ ಮಾಡಿತು. ಕೆಲವೇ ವರ್ಷದಲ್ಲಿ ಕೊಳ್ಳುವ ದೇಶ ಮಾರುವ ದೇಶವಾಯಿತು. 1984ರ ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿ ಎರಡನೇ ನಿರ್ಣಯ ತರಬೇಕಾಯಿತು: ದಕ್ಷಿಣ ಆಫ್ರಿಕಾದಿಂದ ಶಸ್ತ್ರ ಕೊಳ್ಳಬೇಡಿ. ಈ ಸಲ ಅದು ಕಡ್ಡಾಯ ಆಗಿರಲಿಲ್ಲ, ಬರೀ ವಿನಂತಿ. ಇರಾಕ್‌ನಂಥ ಗಿರಾಕಿಗಳು ಕೊಳ್ಳುತ್ತಲೇ ಹೋದರು.

2013ರ ಏಪ್ರಿಲ್ 2ರಂದು ವಿಶ್ವಸಂಸ್ಥೆಯ ಮಹಾಸಭೆ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದವನ್ನು 154 ಮತಗಳಿಂದ ಒಪ್ಪಿತು. ಸಣ್ಣ ಶಸ್ತ್ರಗಳೂ ಅದರಲ್ಲಿ ಸೇರಿವೆ. ವಿರೋಧಿಸಿದವು ಮೂರೇ: ಇರಾನ್, ಉತ್ತರ ಕೊರಿಯಾ, ಸಿರಿಯಾ. ಭಾರತ, ರಷ್ಯಾ, ಚೀನಾ ಮತ ಹಾಕದೆ ಉಳಿದವು. ಚೀನಾ 2020ರಲ್ಲಿ ಸೇರಿಕೊಂಡಿತು. ಒಳ್ಳೆಯ ಒಪ್ಪಂದವೇ. ಆದರೆ ಸಹಿ ಹಾಕದವರನ್ನು ಅದು ಕಟ್ಟಿಹಾಕುವುದಿಲ್ಲ.

2024ರ ಏಪ್ರಿಲ್

ತಜ್ಞರ ಸಮಿತಿ ಎಂದು ಮೇಲೆ ಹೇಳಿದೆನಲ್ಲ, ನಮೀಬಿಯಾದ ಕಾರ್ಖಾನೆಯನ್ನು ಹೊರಗೆ ತಂದ ತಂಡ, ಅದರ ಅವಧಿಯನ್ನು ಪ್ರತಿವರ್ಷ ಮುಂದುವರಿಸಬೇಕಿತ್ತು. 2024ರ ಮಾರ್ಚ್ 28ರಂದು ಮತಕ್ಕೆ ಬಂದಾಗ 13 ದೇಶಗಳು ಪರವಾಗಿ ನಿಂತವು. ಚೀನಾ ತಟಸ್ಥವಾಯಿತು. ರಷ್ಯಾ ವೀಟೊ ಹಾಕಿತು. ಏಪ್ರಿಲ್ 30ಕ್ಕೆ ಸಮಿತಿ ಮುಚ್ಚಿತು. ನಿರ್ಣಯಗಳು ಹಾಗೇ ಇವೆ, ಉತ್ತರ ಕೊರಿಯಾ ಶಸ್ತ್ರ ಮಾರಬಾರದು ಎಂಬ ನಿಯಮ ಇವತ್ತಿಗೂ ಜಾರಿಯಲ್ಲಿದೆ. ಪೆಟ್ಟಿಗೆಯ ಮೇಲಿನ ಅಕ್ಷರ ಓದಿ ವಿಶ್ವಸಂಸ್ಥೆಯ ಹೆಸರಿನಲ್ಲಿ ಹೇಳುವವರು ಮಾತ್ರ ಇಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ 11 ದೇಶಗಳು ಸೇರಿ ಬದಲಿ ತಂಡ ಕಟ್ಟಿದವು. ಅದರ ಮಾತನ್ನು ರಷ್ಯಾ, ಚೀನಾ ಕೇಳಬೇಕಾಗಿಲ್ಲ. ನಡುವೆ ತೆರವಾಗಿದ್ದ ಇರಾನ್ ಮೇಲಿನ ಹಳೆಯ ವಿಶ್ವಸಂಸ್ಥೆ ನಿರ್ಬಂಧಗಳು 2025ರ ಸೆಪ್ಟೆಂಬರ್ ಕೊನೆಗೆ ಮರಳಿ ಬಂದಾಗಲೂ ಈ ಎರಡು ದೇಶಗಳು ಅವನ್ನು ಒಪ್ಪಲಿಲ್ಲ.

ಆ ಸಮಿತಿ ತನ್ನ ಕೊನೆಯ ತಿಂಗಳಲ್ಲಿದ್ದಾಗ, 2024ರ ಏಪ್ರಿಲ್ 9ರಂದು, ಅಮೆರಿಕ ಇನ್ನೊಂದು ಸುದ್ದಿ ಕೊಟ್ಟಿತು. ಇರಾನ್‌ನಿಂದ ಹೂಥಿಗಳಿಗೆ ಹೋಗುತ್ತಿದ್ದಾಗ ನಾಲ್ಕು ದೋಣಿಗಳಲ್ಲಿ ಹಿಡಿದ ಶಸ್ತ್ರಗಳನ್ನು ನ್ಯಾಯಾಲಯದ ಮೂಲಕ ತನ್ನದಾಗಿಸಿಕೊಂಡು ಉಕ್ರೇನ್‌ಗೆ ಕೊಟ್ಟಿತು. 5,000ಕ್ಕೂ ಹೆಚ್ಚು ಎಕೆ-47, ಜೊತೆಗೆ ಮಷಿನ್‌ಗನ್, ಸ್ನೈಪರ್ ರೈಫಲ್, ಆರ್‌ಪಿಜಿ, 5 ಲಕ್ಷಕ್ಕೂ ಹೆಚ್ಚು ಗುಂಡು. ಯೆಮೆನ್‌ಗೆ ಹೊರಟಿದ್ದ ರೈಫಲ್‌ಗಳು ಉಕ್ರೇನಿನ ಸೈನಿಕರ ಕೈ ಸೇರಿದವು. ಅದೇ ಯುದ್ಧದಲ್ಲಿ ಎದುರು ಬದಿಯಿಂದ ಅವರ ಮೇಲೆ ಬೀಳುತ್ತಿದ್ದ ಗುಂಡುಗಳಲ್ಲಿ ಉತ್ತರ ಕೊರಿಯಾದವೂ ಇದ್ದವು.